ಗೋಡೆಗೆ ಮಡಚುವ ಮೇಜು: ಮರಕ್ಕಿಂತ ಮೊದಲು ಗೋಡೆ ನೋಡಿ

ನಾನು ಮೊದಲು ಮಾಡಿದ ಮಡಚುವ ಮೇಜು ಎರಡು ವಾರವೂ ನಿಲ್ಲಲಿಲ್ಲ. ಒಂದು ಬೆಳಿಗ್ಗೆ ತಿಂಡಿ ತಟ್ಟೆ ಸಮೇತ ಗೋಡೆಯಿಂದ ಕಿತ್ತು ಬಂತು. ಹಲಗೆ ಮುರಿದಿರಲಿಲ್ಲ, ಹಿಂಜು ಬಾಗಿರಲಿಲ್ಲ. ನಾನು ಹಾಕಿದ್ದು 2 ಇಂಚಿನ ಸ್ಕ್ರೂ, ಅದರಲ್ಲಿ ಒಂದೂವರೆ ಇಂಚು ಮರದ ಪಟ್ಟಿಯಲ್ಲೇ ಮುಗಿದಿತ್ತು, ಉಳಿದ ಅರ್ಧ ಇಂಚು ಬರೀ ಗಾರೆಯಲ್ಲಿ ನಿಂತಿತ್ತು. ಇಟ್ಟಿಗೆಯನ್ನು ಅದು ಮುಟ್ಟೇ ಇರಲಿಲ್ಲ. ಅದಕ್ಕೇ ಹೇಳುತ್ತೇನೆ, ಈ ಮೇಜಿನ ಶಕ್ತಿ ಇರುವುದು ಗೋಡೆಯಲ್ಲಿ. ಮರ ಕೊಯ್ಯುವ ಮುಂಚೆ ಗೋಡೆಯ ಹತ್ತಿರ ಹೋಗಿ.

ಬೆರಳಿನಿಂದ ತಟ್ಟಿ ನೋಡಿ. ಟೊಳ್ಳು ಸದ್ದು ಬಂದರೆ ಹಾಲೋ ಬ್ಲಾಕ್ ಇರಬಹುದು, ಅಥವಾ ಗಾರೆ ಬಿಟ್ಟುಕೊಂಡಿರಬಹುದು. ಹಾಲೋ ಬ್ಲಾಕಿನಲ್ಲಿ ಮಾಮೂಲಿ ಪ್ಲಗ್ (ಸ್ಕ್ರೂ ಹಿಡಿಯಲಿ ಅಂತ ತೂತಿಗೆ ತುರುಕುವ ಪ್ಲಾಸ್ಟಿಕ್ ಕೊಳವೆ) ಹಿಡಿಯುವುದಿಲ್ಲ, ಸುಮ್ನೆ ತಿರುಗುತ್ತದೆ. ಒಳಗೆ ಹೋಗಿ ಅರಳುವ ಆ್ಯಂಕರ್ ಬೇಕು, ಇಲ್ಲವಾದರೆ ಕಾಂಕ್ರೀಟ್ ಕಂಬ ಇರುವ ಜಾಗ ಹುಡುಕಿ. ಸ್ವಿಚ್‌ಬೋರ್ಡಿನ ನೇರ ಮೇಲೆ, ನೇರ ಕೆಳಗೆ ತೂತು ಕೊರೆಯಲೇಬೇಡಿ, ವೈರಿನ ಪೈಪು ಸಾಮಾನ್ಯವಾಗಿ ಅಲ್ಲೇ ಹೋಗಿರುತ್ತದೆ. ನಲ್ಲಿಯ ಆಸುಪಾಸಿಗೂ ಇದೇ ಮಾತು.

ಇನ್ನು ಸಾಮಾನು. ಮೇಜಿನ ಹಲಗೆಗೆ 18 ಎಂಎಂ ಪ್ಲೈವುಡ್, ಬಿಡಬ್ಲ್ಯೂಆರ್ ದರ್ಜೆಯದ್ದು, ಅಂದರೆ ಕುದಿಯುವ ನೀರನ್ನೂ ತಡೆಯುವ ಅಂಟಿನದ್ದು, ಸಾಕು. ಹಾಳೆಯ ಮೇಲೆ ಐಎಸ್ 303 (ಸಾಮಾನ್ಯ ಬಳಕೆಯ ಪ್ಲೈವುಡ್ಡಿನ ಭಾರತೀಯ ಮಾನದಂಡ) ಮುದ್ರೆ, ಜೊತೆಗೆ ಬಿಡಬ್ಲ್ಯೂಆರ್ ಅಂತ ಇದೆಯಾ ನೋಡಿ. ಸಿಂಕಿನ ಪಕ್ಕ ಹಾಕುವುದಾದರೆ ಐಎಸ್ 710, ಅಂದರೆ ಮರೈನ್ ಪ್ಲೈ, ತಗೊಳ್ಳಿ. ಇಡೀ 8 ಅಡಿ, 4 ಅಡಿಯ ಹಾಳೆ ಬೇಕಿಲ್ಲ, ಅಂಗಡಿಯಲ್ಲಿ ಉಳಿದ ತುಂಡು ಕೇಳಿ, ಅಳತೆಗೆ ಅಲ್ಲೇ ಕೊಯ್ಸಿಕೊಳ್ಳಿ. ಒಂದೇ ಮರದ ಅಗಲ ಹಲಗೆ ಚೆಂದ ಕಾಣುತ್ತದೆ ನಿಜ, ಆದರೆ ಮಳೆಗಾಲದಲ್ಲಿ, ಅದರಲ್ಲೂ ಮಲೆನಾಡು ಕರಾವಳಿ ಕಡೆ, ಅದು ನೀರು ಕುಡಿದು ಸೊಟ್ಟಗಾಗುತ್ತದೆ. ಪಟ್ಟಿಗಳಿಗೆ ಹಳೇ ಮನೆ ಕೆಡವಿದಾಗ ಬರುವ ತೇಗದ ಚೌಕಟ್ಟು ಸಿಕ್ಕರೆ ಬಿಡಬೇಡಿ. ವರ್ಷಗಟ್ಟಲೆ ಒಣಗಿದ ಮರ ಅದು, ಇನ್ನು ಬಾಗುವುದು ಕಡಿಮೆ. ಮೊಳೆ ಉಳಿದಿದ್ದರೆ ಮಾತ್ರ ಕಿತ್ತು ಕೀಸುಳಿ ಹಾಕಿ.

ಅಳತೆ ಹೀಗೆ. ಮಡಚುವ ಹಲಗೆ 75 ಸೆಂ.ಮೀ. ಅಗಲ, 45 ಸೆಂ.ಮೀ. ಆಳ. ಗೋಡೆ ಪಕ್ಕ ಅಲುಗಾಡದೆ ಉಳಿಯುವ ಪ್ಲೈ ತುಂಡು 75ಕ್ಕೆ 10. ಅದರ ಅಡಿಗೆ ಗೋಡೆಗೆ ಬೀಳುವ ಅಡ್ಡಪಟ್ಟಿ 75 ಉದ್ದ, 7 ಅಗಲ, 4 ದಪ್ಪ. ಅಡ್ಡಪಟ್ಟಿಯ ನಡುವಿನಿಂದ ಕೆಳಕ್ಕೆ ಅದೇ ಅಗಲ, ಅದೇ ದಪ್ಪದ 40 ಸೆಂ.ಮೀ. ಪಟ್ಟಿ. ಆಮೇಲೆ ಹಲಗೆಯನ್ನು ಹೊರುವ ತ್ರಿಕೋನದ ಗೇಟು: ನಿಲುವು 45, ಕೈ 36, ಜೊತೆಗೊಂದು ಓರೆಪಟ್ಟಿ, ಮೂರೂ 5 ಸೆಂ.ಮೀ. ಅಗಲ, ಎರಡೂವರೆ ದಪ್ಪ. 10 ಸೆಂ.ಮೀ. ತುಂಡು ಯಾಕೆ ಅಂದರೆ, ಹಲಗೆ ಕೆಳಗೆ ಬಿದ್ದಾಗ ಅದರ ಹಿಂದೆ ಪಟ್ಟಿಯೂ ಮಡಚಿದ ಗೇಟೂ ಅಡಗಬೇಕಲ್ವಾ, ಇಲ್ಲದಿದ್ದರೆ ಹಲಗೆ ನೇರ ನಿಲ್ಲದೆ ಹೊಟ್ಟೆ ಮುಂದೆ ಮಾಡಿಕೊಂಡಿರುತ್ತದೆ.

ಗೇಟು ಮೊದಲು ಮಾಡಿ. ಮೂಲೆಯಲ್ಲಿ ಎರಡೂ ಪಟ್ಟಿಯ ಅರ್ಧರ್ಧ ದಪ್ಪ ಉಳಿಯಿಂದ ತೆಗೆದು, ಒಂದರೊಳಗೊಂದು ಕೂರಿಸಿ, ಫೆವಿಕಾಲ್ ಹಚ್ಚಿ, ಮೂಲೆಮಟ್ಟ ಇಟ್ಟು ನೋಡಿ, ಬಿಗಿದು ಒಂದು ರಾತ್ರಿ ಬಿಡಿ. ಓರೆಪಟ್ಟಿ ನಿಲುವಿನ ಬುಡದಿಂದ ಕೈಯ ತುದಿಗೆ ಹೋಗಬೇಕು. ಆಗ ಮೇಜಿನ ಭಾರ ಓರೆಯಲ್ಲಿ ಇಳಿದು ಗೋಡೆಯನ್ನು ಕೆಳಗೆ ಒತ್ತುತ್ತದೆ, ಮೇಲೆ ಹೊರಕ್ಕೆ ಎಳೆಯುತ್ತದೆ. ಕಿತ್ತು ಬರುವುದು ಯಾವಾಗಲೂ ಮೇಲಿನ ಸ್ಕ್ರೂ, ಹಾಗಾಗಿ ಜಾಸ್ತಿ ಸ್ಕ್ರೂ ಬೇಕಿರುವುದು ಮೇಲಿನ ಅಡ್ಡಪಟ್ಟಿಗೆ.

ಈಗ ಗೋಡೆ. ಮೇಜು ನೆಲದಿಂದ 75 ಸೆಂ.ಮೀ. ಎತ್ತರ ಇರಬೇಕು, ಪ್ಲೈ ದಪ್ಪ ಕಳೆದರೆ ಅಡ್ಡಪಟ್ಟಿಯ ಮೇಲಂಚು 73.2ಕ್ಕೆ ಬರುತ್ತದೆ. ರಸಮಟ್ಟ ಇಟ್ಟು ಗೆರೆ ಎಳೆಯಿರಿ, ನೆಲವನ್ನು ನಂಬಬೇಡಿ, ತುಂಬಾ ಮನೆಗಳಲ್ಲಿ ನೀರು ಹರಿಯಲಿ ಅಂತ ಅಡುಗೆಮನೆ ನೆಲ ಸ್ವಲ್ಪ ಇಳಿಜಾರಾಗಿರುತ್ತದೆ. ಸ್ಕ್ರೂ 4 ಇಂಚಿನದ್ದೇ ಬೇಕು: ಒಂದೂವರೆ ಇಂಚು ಮರಕ್ಕೆ, ಅರ್ಧ ಇಂಚು ಗಾರೆಗೆ, 2 ಇಂಚು ಇಟ್ಟಿಗೆಗೆ. 10 ಎಂಎಂ ಬಿಟ್ ಹಾಕಿ ಗೋಡೆಯೊಳಗೆ ಮೂರು ಇಂಚು ಆಳ ಕೊರೆಯಿರಿ, ಆಳ ಗೊತ್ತಾಗಲು ಬಿಟ್ಟಿಗೆ ಟೇಪ್ ಸುತ್ತಿಕೊಳ್ಳಿ. ಕೆಂಪು ಧೂಳು ಬಂದರೆ ಇಟ್ಟಿಗೆ ಸಿಕ್ಕಿತು ಅಂತ. ಕೊರೆಯುತ್ತಾ ಹೋದಂತೆ ಬಿಟ್ ದಿಢೀರನೆ ಸಲೀಸಾಗಿ ಒಳಗೆ ಹೋದರೆ ಇಟ್ಟಿಗೆಗಳ ಸಂದು ಅದು, ಅಲ್ಲಿ ಪ್ಲಗ್ ಹಿಡಿತ ಕಮ್ಮಿ, ಒಂದೆರಡು ಇಂಚು ಸರಿದು ಇನ್ನೊಂದು ತೂತು ಹಾಕಿ. ಧೂಳನ್ನು ಊದಿ ತೆಗೆದು, ಪ್ಲಗ್ಗನ್ನು ಗಾರೆ ದಾಟಿ ಇಟ್ಟಿಗೆಯೊಳಗೆ ತಳ್ಳಿ. ಮೇಲೆ ನಾಲ್ಕು ಸ್ಕ್ರೂ, ಕೆಳಗಿನ ಪಟ್ಟಿಗೆ ಮೂರು.

ಅಡ್ಡಪಟ್ಟಿಯ ಮೇಲೆ 10 ಸೆಂ.ಮೀ. ತುಂಡನ್ನು ಅಂಟು ಹಾಕಿ ಸ್ಕ್ರೂ ಮಾಡಿ. ಅದಕ್ಕೂ ಹಲಗೆಗೂ ನಡುವೆ 2 ಎಂಎಂ ಸಂದು ಬಿಟ್ಟು, ಎರಡರ ಅಡಿಯಿಂದ ಉದ್ದಕ್ಕೂ ಪಿಯಾನೋ ಹಿಂಜು (ಪಟ್ಟಿಯ ಹಾಗೆ ಉದ್ದವಾಗಿರುವ ಹಿಂಜು) ಹಾಕಿ. ಇಲ್ಲಿ ಅರ್ಧ ಇಂಚಿನ ಸ್ಕ್ರೂ ಸಾಕು, ಮುಕ್ಕಾಲು ಇಂಚಿನದ್ದು ಹಾಕಿದರೆ 18 ಎಂಎಂ ದಾಟಿ ಮೇಜಿನ ಮೇಲೆ ಚುಚ್ಚುತ್ತದೆ. ಹಿಂಜಿನ ಗಂಟು ಕೆಳಗೆ ಉಬ್ಬಿರುವುದರಿಂದ ಗೇಟಿನ ಕೈ ಹಲಗೆಗಿಂತ 6 ಎಂಎಂ ಕೆಳಗಿರಲಿ. ಗೇಟಿನ ನಿಲುವನ್ನು ಎರಡು 3 ಇಂಚಿನ ಬಾಗಿಲ ಹಿಂಜಿನಿಂದ ಗೋಡೆಯ ನಡುಪಟ್ಟಿಯ ಮುಖಕ್ಕೆ ಕಟ್ಟಿ, ಪುಸ್ತಕ ಮುಚ್ಚಿದ ಹಾಗೆ ಅದು ಒಂದು ಪಕ್ಕಕ್ಕೆ ಮಡಚಿಕೊಳ್ಳಬೇಕು.

ಉಳಿದ 6 ಎಂಎಂ ಸಂದಿಗೆ ಬೆಣೆ. ಗೇಟು ಬಂದು ನಿಲ್ಲುವ ಜಾಗದಲ್ಲಿ, ಕೈಯ ತುದಿಗೆ ಸರಿಯಾಗಿ, ಹಲಗೆಯಡಿಗೆ ಒಂದು ಕಡೆ ತೆಳ್ಳಗಿರುವ ಮರದ ಸೀಳು ಅಂಟಿಸಿ. ಗೇಟು ಜಾರಿ ಬಂದು ಅದರ ಕೆಳಗೆ ಬಿಗಿಯಾಗಿ ಕೂರುತ್ತದೆ. ಮೇಜು ಮುಂದಕ್ಕೆ ವಾಲಿದರೆ ಸೀಳು ಇನ್ನಷ್ಟು ದಪ್ಪ ಮಾಡಿ, ಮೇಲೆದ್ದರೆ ಉಜ್ಜಿ ಇಳಿಸಿ. ಹತ್ತು ನಿಮಿಷದ ಕೆಲಸ, ಆದರೆ ಈ ಮೇಜಿನಲ್ಲಿ ನನಗೆ ತುಂಬಾ ಇಷ್ಟವಾದ ಭಾಗ ಇದೇ. ಗೇಟು ಬೆಣೆ ದಾಟಿ ಹೋಗದಂತೆ ಆ ಕಡೆ ಒಂದು ಅಡ್ಡತುಂಡು ಹೊಡೆಯಿರಿ.

ಬಣ್ಣ, ಪಾಲಿಶು ನಿಮ್ಮಿಷ್ಟ. 120, ಆಮೇಲೆ 220 ನಂಬರಿನ ಸ್ಯಾಂಡ್ ಪೇಪರ್ ಹಾಕಿ ಉಜ್ಜಿ, ಕೊಯ್ದ ಅಂಚುಗಳಿಗೆ ತಪ್ಪದೆ ಪಾಲಿಶ್ ಕೊಡಿ, ಪ್ಲೈ ನೀರು ಕುಡಿಯುವುದು ಅಲ್ಲಿಂದಲೇ. ಮೇಲೆ ಲ್ಯಾಮಿನೇಟ್ ಅಂಟಿಸುವುದಾದರೆ ಅಡಿಗೂ ತೆಳು ಹಾಳೆ ಅಂಟಿಸಿ, ಒಂದೇ ಕಡೆ ಅಂಟಿಸಿದರೆ ಹಲಗೆ ಬಾಗುತ್ತದೆ.

ಬಳಸುವ ಮುಂಚೆ 20 ಲೀಟರಿನ ನೀರಿನ ಕ್ಯಾನ್ ತುಂಬಿಸಿ ಮೇಜಿನ ನಡುವೆ ಒಂದು ರಾತ್ರಿ ಇಡಿ. ಬೆಳಿಗ್ಗೆ ಅಡ್ಡಪಟ್ಟಿಯ ಮೇಲಂಚಿಗೂ ಗೋಡೆಗೂ ನಡುವೆ ಒಂದು ಕಾಗದ ತೂರಿಸಿ ನೋಡಿ. ಕಾಗದ ಒಳಗೆ ಹೋದರೆ ಸ್ಕ್ರೂ ಎಳೆದುಕೊಂಡು ಬರುತ್ತಿದೆ, ಬಿಚ್ಚಿ ಮತ್ತೆ ಹಾಕಿ. ಮನೆಯಲ್ಲಿ ಚಿಕ್ಕ ಮಕ್ಕಳಿದ್ದರೆ ಗೇಟಿಗೊಂದು ಸಣ್ಣ ಚಿಲಕ ಹಾಕಿ, ಕೆಳಗೆ ಆಡುವಾಗ ಅದನ್ನು ತಳ್ಳಿಬಿಟ್ಟರೆ ಹಲಗೆ ಅವರ ತಲೆ ಮೇಲೇ ಬೀಳುತ್ತದೆ.