ನಡುವಿನ ಎಲೆಗಳಲ್ಲಿ ನಾನು ಆಡುವ ರೀತಿ

ಟೆಕ್ಸಸ್ ಹೋಲ್ಡೆಮ್ ಪೋಕರ್‌ನಲ್ಲಿ (ಒಬ್ಬೊಬ್ಬರ ಕೈಯಲ್ಲಿ ಎರಡು ಎಲೆ, ಮೇಜಿನ ಮೇಲೆ ಎಲ್ಲರಿಗೂ ಸೇರಿದ ಐದು ಎಲೆ) ಜೋಡಿ ಏಸ್ ಬಂದರೆ ಏನು ಮಾಡಬೇಕು ಅಂತ ಯಾರೂ ಹೇಳಿಕೊಡಬೇಕಿಲ್ಲ. 7, 2 ಬಂದರೂ ಅಷ್ಟೇ, ಫೋಲ್ಡ್ ಮಾಡಿದರಾಯಿತು, ಅಂದರೆ ಎಲೆ ಬಿಟ್ಟುಕೊಟ್ಟರಾಯಿತು. ತಲೆ ಕೆಡಿಸುವುದು ಜೋಡಿ 9, ಜೋಡಿ 10, ಸಣ್ಣ ಕಿಕರ್ (ಜೋಡಿಯ ಪಕ್ಕದ ಎಲೆ) ಇರುವ ಟಾಪ್ ಪೇರ್‌ನಂಥ (ಮೇಜಿನ ಅತಿ ದೊಡ್ಡ ಎಲೆಯ ಜೊತೆ ಆದ ಜೋಡಿ) ಎಲೆಗಳು. ನಾವು ಗೆಳೆಯರು ದುಡ್ಡು ಕಟ್ಟದೆ ಬರೀ ಚಿಪ್ಸ್ ಇಟ್ಟುಕೊಂಡು ಆಡುತ್ತೇವೆ. ಅಲ್ಲಿ ನನಗೆ ಒಗ್ಗಿದ ರೀತಿ ಇದು. ಪಾಟ್ (ನಡುವೆ ಸೇರಿದ ಚಿಪ್ಸ್) ಸಣ್ಣದಿರುವಾಗ ನಾನೇ ಮುನ್ನುಗ್ಗುತ್ತೇನೆ, ಅದು ಬೆಳೆಯುತ್ತಾ ಹೋದಂತೆ ಕೈ ಬಿಗಿ ಹಿಡಿಯುತ್ತೇನೆ.

ಜೋಡಿ 9 ತೆಗೆದುಕೊಳ್ಳಿ. ಫ್ಲಾಪ್‌ನಲ್ಲಿ (ಮೇಜಿನ ಮೇಲೆ ಮೊದಲು ತೆರೆಯುವ ಮೂರು ಎಲೆ) 9ಕ್ಕಿಂತ ದೊಡ್ಡ ಎಲೆ ಒಂದಾದರೂ ಬೀಳುವ ಸಾಧ್ಯತೆ ಸುಮಾರು 79 ಶೇಕಡ. ಮೂರನೇ 9 ಸಿಗುವುದು ಸುಮಾರು 12 ಶೇಕಡ ಮಾತ್ರ. ಹಾಗಾಗಿ ಸುಮ್ನೆ ಕಾಲ್ ಮಾಡಿ (ಇತರರಷ್ಟೇ ಚಿಪ್ಸ್ ಹಾಕಿ) ನಾಲ್ಕು ಜನರನ್ನು ಒಳಗೆ ಬಿಟ್ಟುಕೊಳ್ಳಬಾರದು. ನನಗಿಂತ ಮೊದಲು ಯಾರೂ ರೇಸ್ ಮಾಡಿಲ್ಲದಿದ್ದರೆ (ಬೆಟ್ ಏರಿಸಿಲ್ಲದಿದ್ದರೆ) ನಾನೇ ಮಾಡುತ್ತೇನೆ. ಎದುರಿಗೆ ಒಬ್ಬರೇ ಉಳಿದರೆ ಒಳ್ಳೆಯದು. ಬಟನ್‌ನಲ್ಲಿ (ಡೀಲರ್ ಜಾಗದಲ್ಲಿ) ಕೂತಿದ್ದರೆ ಇನ್ನೂ ಒಳ್ಳೆಯದು, ಫ್ಲಾಪ್‌ನಿಂದ ಮುಂದೆ ಪ್ರತಿ ರೌಂಡಲ್ಲೂ ಅವರ ನಡೆ ನೋಡಿಯೇ ನಾನು ಆಡಬಹುದು.

ಬ್ಲೈಂಡ್ (ಎಲೆ ನೋಡುವ ಮೊದಲೇ ಇಬ್ಬರು ಹಾಕಲೇಬೇಕಾದ ಚಿಪ್ಸ್) 5 ಮತ್ತು 10 ಅಂದುಕೊಳ್ಳಿ. ಬಟನ್‌ನಿಂದ 25ಕ್ಕೆ ರೇಸ್ ಮಾಡಿದೆ, ಬಿಗ್ ಬ್ಲೈಂಡ್ (ಆ 10 ಹಾಕಿದವರು) ಮಾತ್ರ ಕಾಲ್ ಮಾಡಿದರು. ಪಾಟ್ 55. ಫ್ಲಾಪ್‌ನಲ್ಲಿ ಕ್ವೀನ್, 7, 4, ಅದರಲ್ಲಿ ಎರಡು ಹಾರ್ಟ್ಸ್. ಅವರು ಚೆಕ್ ಮಾಡಿದರು, ಅಂದರೆ ಏನೂ ಹಾಕದೆ ಸರದಿ ಬಿಟ್ಟರು. ಇಲ್ಲಿ ನಾನು 20 ಬೆಟ್ ಮಾಡುತ್ತೇನೆ. ನಾಲ್ಕರಲ್ಲಿ ಒಂದು ಸಲಕ್ಕಿಂತ ಸ್ವಲ್ಪ ಜಾಸ್ತಿ ಫೋಲ್ಡ್ ಆದರೂ ಅಷ್ಟರಿಂದಲೇ ಬೆಟ್ ಗಿಟ್ಟುತ್ತದೆ. ಕಿಂಗ್, ಜಾಕ್‌ನಂಥ ಎಲೆ ಹಿಡಿದವರು ಪುಕ್ಕಟೆಯಾಗಿ ಮುಂದಿನ ಎಲೆ ನೋಡುವುದೂ ತಪ್ಪುತ್ತದೆ. 7ರ ಜೋಡಿ ಇದ್ದವರು ಕಾಲ್ ಮಾಡುತ್ತಾರೆ, ಅದು ನನಗೆ ಬೇಕಾದದ್ದೇ.

ಕಾಲ್ ಬಂತು, ಪಾಟ್ 95. ಟರ್ನ್‌ನಲ್ಲಿ (ಮೇಜಿನ ನಾಲ್ಕನೇ ಎಲೆ) ಕ್ಲಬ್ಸ್ 2. ಅವರು ಮತ್ತೆ ಚೆಕ್. ಈಗ ನಾನೂ ಚೆಕ್. ಇಲ್ಲಿ ದೊಡ್ಡದಾಗಿ ಬೆಟ್ ಮಾಡಿದರೆ ನನಗಿಂತ ಸಣ್ಣ ಎಲೆಯವರು ಬಿಟ್ಟು ಹೋಗುತ್ತಾರೆ, ಕ್ವೀನ್ ಇದ್ದವರು ಮಾತ್ರ ಉಳಿಯುತ್ತಾರೆ. ಅದರಿಂದ ಏನು ಲಾಭ, ಅಲ್ವಾ? ಕೈಯಲ್ಲಿ ಎರಡು ಹಾರ್ಟ್ಸ್ ಇಟ್ಟುಕೊಂಡು ಐದನೇ ಹಾರ್ಟ್ಸ್‌ಗೆ ಕಾಯುತ್ತಿರುವವರಿಗೆ ಒಂದು ಎಲೆ ಪುಕ್ಕಟೆ ಸಿಗುತ್ತದೆ ನಿಜ, ಆದರೆ ಆ ಒಂದು ಎಲೆಯಲ್ಲಿ ಅವರಿಗೆ ಹಾರ್ಟ್ಸ್ ಬೀಳುವುದು ಐದರಲ್ಲಿ ಒಂದು ಸಲ. ಆ ಬೆಲೆ ಕೊಡಲು ನಾನು ತಯಾರು.

ರಿವರ್‌ನಲ್ಲಿ (ಐದನೇ, ಕೊನೆಯ ಎಲೆ) ಸ್ಪೇಡ್ಸ್ 3. ಅವರು 45 ಬೆಟ್ ಮಾಡಿದರೆ ನನ್ನ ಕಾಲ್‌ಗೆ ನಾಲ್ಕರಲ್ಲಿ ಒಂದು ಸಲ ಗೆದ್ದರೂ ಸಾಕು. ಹಾರ್ಟ್ಸ್ ಬರಲಿಲ್ಲ, ನಾನು ಟರ್ನ್‌ನಲ್ಲಿ ಸುಮ್ಮನಾಗಿದ್ದೆ, ಹಾಗಾಗಿ ಬ್ಲಫ್ ಮಾಡಲು ಅವರಿಗೆ ಕಾರಣವಿದೆ. ಸಾಮಾನ್ಯವಾಗಿ ಕಾಲ್ ಮಾಡುತ್ತೇನೆ. ಎದುರಿರುವವರು ಇಡೀ ಸಂಜೆ ರಿವರ್‌ನಲ್ಲಿ ಬೆಟ್ಟೇ ಮಾಡದವರಾಗಿದ್ದರೆ ಮಾತ್ರ ಲೆಕ್ಕ ಬದಿಗಿಟ್ಟು ಫೋಲ್ಡ್.

ಫ್ಲಾಪ್‌ನಲ್ಲೇ ಅವರು ದೊಡ್ಡ ರೇಸ್ ಹಾಕಿದರೆ ಹೆಚ್ಚಿನ ಸಲ ಅಲ್ಲಿಗೇ ಬಿಡುತ್ತೇನೆ. ಎದುರಿಗೆ ಮೂವರಿದ್ದರಂತೂ ಆ 20 ಕೂಡ ಹಾಕುವುದಿಲ್ಲ. ಅಷ್ಟು ಜನರಲ್ಲಿ ಯಾರದೋ ಕೈಯಲ್ಲಿ ಕ್ವೀನ್ ಇದ್ದೇ ಇರುತ್ತದೆ ಅಂತಲೇ ಆಡುತ್ತೇನೆ.