ನ್ಯಾನೋಯಂತ್ರಗಳ ಕಥೆ ಬರೆಯುವವರಿಗೆ ಒಂದಿಷ್ಟು ಲೆಕ್ಕಾಚಾರ

ನ್ಯಾನೋಯಂತ್ರಗಳ ಕಥೆ ಬರೆಯಹೊರಟವರು ಪಾತ್ರಗಳಿಗಿಂತ ಮೊದಲು ಯಂತ್ರದ ಅಳತೆಯನ್ನು ಬರೆದಿಟ್ಟುಕೊಳ್ಳಬೇಕು. ನ್ಯಾನೋಮೀಟರ್ ಎಂದರೆ ಮೀಟರಿನ ನೂರು ಕೋಟಿಯಲ್ಲೊಂದು ಭಾಗ. ಡಿಎನ್‌ಎ ಎಳೆಯ ಅಗಲ ಸುಮಾರು 2 ನ್ಯಾನೋಮೀಟರ್, ಕೆಂಪು ರಕ್ತಕಣದ ಅಗಲ 7,000ದಿಂದ 8,000 ನ್ಯಾನೋಮೀಟರ್. ನೋಡುವ, ಯೋಚಿಸುವ, ಔಷಧ ಹೊರುವ, ಶತ್ರುವನ್ನು ಕತ್ತರಿಸುವ ಕೆಲಸಗಳನ್ನೆಲ್ಲ ಒಂದೇ ಯಂತ್ರಕ್ಕೆ ವಹಿಸಿದರೆ ಕಥೆ ಮಾಯಾಮಂತ್ರವಾಗುತ್ತದೆ. ಬ್ಯಾಕ್ಟೀರಿಯಾದಷ್ಟು, ಅಂದರೆ ಸುಮಾರು ಒಂದು ಮೈಕ್ರೊಮೀಟರಿನ (ಸಾವಿರ ನ್ಯಾನೋಮೀಟರಿನ) ಯಂತ್ರವನ್ನು ಆರಿಸಿಕೊಂಡು, ಅದಕ್ಕೆ ಒಂದೇ ಒಂದು ಕೆಲಸ ಕೊಡುವುದು ಒಳ್ಳೆಯದು.

ಆಮೇಲೆ ಚಲನೆ. ನಮ್ಮ ದೋಣಿಗಳನ್ನು ಕುಗ್ಗಿಸಿ ರಕ್ತದಲ್ಲಿ ಬಿಡುವ ವರ್ಣನೆಗಳು ಸೋಲುವುದು ಇಲ್ಲಿಯೇ. ಅಷ್ಟು ಚಿಕ್ಕ ವಸ್ತುವಿಗೆ ನೀರು ಜೇನುತುಪ್ಪಕ್ಕಿಂತಲೂ ಗಟ್ಟಿ. ಜಡತ್ವಕ್ಕೆ ಅಲ್ಲಿ ಬೆಲೆಯೇ ಇಲ್ಲ. ಈಜುತ್ತಿರುವ ಬ್ಯಾಕ್ಟೀರಿಯಾ ತನ್ನ ಬಾಲ ತಿರುಗಿಸುವುದನ್ನು ನಿಲ್ಲಿಸಿದರೆ ಒಂದು ಪರಮಾಣುವಿನ ಅಗಲದಷ್ಟೂ ಮುಂದೆ ಸಾಗದೆ ನಿಂತುಬಿಡುತ್ತದೆ ಎಂದು ಭೌತವಿಜ್ಞಾನಿ ಎಡ್ವರ್ಡ್ ಪರ್ಸೆಲ್ 1977ರಲ್ಲಿ ಪ್ರಕಟಿಸಿದ ಪ್ರಬಂಧದಲ್ಲಿ ತೋರಿಸಿದರು. ಕಪ್ಪೆಚಿಪ್ಪಿನಂತೆ ತೆರೆದು ಮುಚ್ಚುವ ಯಂತ್ರ, ತೆರೆಯುವಾಗ ಎಷ್ಟು ಸರಿಯಿತೋ ಮುಚ್ಚುವಾಗ ಅಷ್ಟೇ ಹಿಂದಕ್ಕೆ ಬರುತ್ತದೆ. ಹೀಗಾಗಿ ನಿಮ್ಮ ಯಂತ್ರಕ್ಕೆ ಹುಟ್ಟಾಗಲಿ ರೆಕ್ಕೆಯಾಗಲಿ ಬೇಡ, ತಿರುಗುವ ಸುರುಳಿಬಾಲ ಕೊಡಿ.

ಶಕ್ತಿ ಎಲ್ಲಿಂದ ಬರುತ್ತದೆ, ಆಜ್ಞೆ ಯಾರಿಂದ ಬರುತ್ತದೆ ಎಂಬ ಎರಡು ಪ್ರಶ್ನೆಗಳಲ್ಲಿ ಕಥೆಯ ಸಂಘರ್ಷವೇ ಅಡಗಿರುತ್ತದೆ. ನಮ್ಮ ಜೀವಕೋಶಗಳಲ್ಲಿ ಕೈನೆಸಿನ್ ಎಂಬ ಪ್ರೋಟೀನು ಹೆಜ್ಜೆಗೊಂದು ಎಟಿಪಿ ಅಣುವನ್ನು (ಜೀವಕೋಶದ ಇಂಧನವನ್ನು) ವ್ಯಯಿಸಿ, 8 ನ್ಯಾನೋಮೀಟರಿನ ಹೆಜ್ಜೆಗಳಲ್ಲಿ ನಡೆಯುತ್ತದೆ. ಇಂಥ ಯಂತ್ರ ಆಶ್ರಯ ಕೊಟ್ಟ ದೇಹದ ಆಹಾರವನ್ನೇ ತಿನ್ನಬೇಕು. ಇನ್ನೊಂದು ದಾರಿಯನ್ನು ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಅಂಬರೀಶ್ ಘೋಷ್ ಅವರ ತಂಡ ಅಧ್ಯಯನ ಮಾಡುತ್ತ ಬಂದಿದೆ. ಅಲ್ಲಿನ ಸುರುಳಿಯಾಕಾರದ ಕಣಗಳಿಗೆ ಸ್ವಂತ ಎಂಜಿನ್ನೂ ಇಲ್ಲ, ಮಿದುಳೂ ಇಲ್ಲ. ಹೊರಗಿನಿಂದ ತಿರುಗುವ ಕಾಂತಕ್ಷೇತ್ರವೇ ಅವನ್ನು ತಿರುಪಿನಂತೆ ಮುಂದೊತ್ತುತ್ತದೆ. ಈ ಎರಡನೆಯ ದಾರಿ ಕಥೆಗಾರನಿಗೆ ಹೆಚ್ಚು ಫಲ ಕೊಡುತ್ತದೆಂದು ನನ್ನ ಭಾವನೆ, ಏಕೆಂದರೆ ಆಗ ರೋಗಿಯ ರಕ್ತದೊಳಗಿನ ಯಂತ್ರಕ್ಕಿಂತ, ಕಾಂತದ ಗುಂಡಿ ಯಾರ ಕೈಯಲ್ಲಿದೆ ಎಂಬುದೇ ಮುಖ್ಯವಾಗುತ್ತದೆ.

ತನ್ನಂತೆಯೇ ಇನ್ನೊಂದನ್ನು ಕಟ್ಟಿಕೊಳ್ಳುವ ಯಂತ್ರಗಳು ಲೋಕವನ್ನೇ ತಿಂದುಹಾಕಬಹುದೆಂಬ ಭೀತಿಯನ್ನು 1986ರಲ್ಲಿ ಅಮೆರಿಕದ ಎಂಜಿನಿಯರ್ ಎರಿಕ್ ಡ್ರೆಕ್ಸ್ಲರ್ ಜನಪ್ರಿಯಗೊಳಿಸಿದರು. ಇದನ್ನು ಬಳಸುವುದಾದರೆ ಗುಣಾಕಾರ ಮಾಡಿಯೇ ಬಳಸಿ. ಬದಿ ಒಂದು ಮೈಕ್ರೊಮೀಟರ್ ಇರುವ ಒಂದು ಘನಾಕಾರದ ಯಂತ್ರ ಗಂಟೆಗೊಮ್ಮೆ ಇಮ್ಮಡಿಯಾಗುತ್ತದೆ ಎನ್ನೋಣ. 24 ಗಂಟೆಗಳಲ್ಲಿ ಸಂಖ್ಯೆ 1 ಕೋಟಿ 67 ಲಕ್ಷ ದಾಟುತ್ತದೆ. ಆದರೂ ಅವನ್ನೆಲ್ಲ ಒಟ್ಟುಗೂಡಿಸಿದರೆ ಬದಿ ಕಾಲು ಮಿಲಿಮೀಟರಿನಷ್ಟಿರುವ ಒಂದು ಕಣ ಮಾತ್ರ. 36 ಗಂಟೆಗಳಾದಾಗ ನಾಲ್ಕು ಮಿಲಿಮೀಟರಿನ ಹರಳು. 48ಕ್ಕೆ ಕಾಲು ಲೀಟರಿಗಿಂತ ಸ್ವಲ್ಪ ಹೆಚ್ಚು. 72ಕ್ಕೆ 47 ಲಕ್ಷ ಲೀಟರು! ಕಥೆಯ ಲಯವನ್ನು ಈ ಅಂಕಿಗಳೇ ಹೇಳಿಕೊಡುತ್ತವೆ: ಮೊದಲ ಒಂದು ದಿನ ಯಾರ ಕಣ್ಣಿಗೂ ಸುಲಭವಾಗಿ ಬೀಳದ ವಸ್ತು, ಕೊನೆಯ ಕೆಲವೇ ಗಂಟೆಗಳಲ್ಲಿ ಯಾರ ಅಳವಿಗೂ ಸಿಗದಾಗುತ್ತದೆ. ಆತಂಕವನ್ನು ಸಮನಾಗಿ ಹಂಚಬೇಡಿ, ಮೊದಲ ದಿನವನ್ನು ನಿಧಾನವಾಗಿ ಬರೆಯಿರಿ.

ಇದೇ ಲೆಕ್ಕ ತಡೆಯನ್ನೂ ಒದಗಿಸುತ್ತದೆ. ಮೂರನೆಯ ದಿನದ ಕೊನೆಯ ಒಂದೇ ಗಂಟೆಯಲ್ಲಿ ಆ ರಾಶಿಗೆ 23 ಲಕ್ಷ ಲೀಟರಿಗೂ ಮೀರಿದ ಗಾತ್ರದ ಕಚ್ಚಾವಸ್ತು ಬೇಕು, ಅದೂ ಯಂತ್ರ ಕಟ್ಟಲು ಒಗ್ಗುವಂಥದ್ದು. ರಾಶಿಯ ಒಳಭಾಗಕ್ಕೆ ಆಹಾರ ತಲುಪುವುದಿಲ್ಲ, ಕೆಲಸದಿಂದ ಹುಟ್ಟಿದ ಶಾಖಕ್ಕೆ ಹೊರಬರಲು ದಾರಿಯಿರುವುದಿಲ್ಲ. ಹಾಗಾಗಿ ದೊಡ್ಡದಾದ ಮೇಲೆ ಅದು ಬೆಳೆಯುವುದು ಮೇಲ್ಮೈಯಲ್ಲಿ ಮಾತ್ರ, ಇಮ್ಮಡಿಯ ಓಟವೂ ಅಲ್ಲಿಗೆ ಕುಗ್ಗುತ್ತದೆ. ನಿಮ್ಮ ಪಾತ್ರಗಳು ರಾಶಿಯ ನಡುವಿಗೆ ಬಾಂಬು ಹಾಕುವ ಬದಲು ಅಂಚಿನಲ್ಲಿ ಕಾದು, ಅದಕ್ಕೆ ಅತ್ಯಗತ್ಯವಾದ ಒಂದು ಧಾತುವನ್ನು ತಪ್ಪಿಸಲಿ. ಆ ಧಾತು ಯಾವುದೆಂದು ಮೊದಲ ಪುಟ ಬರೆಯುವ ಮುನ್ನವೇ ಗೊತ್ತುಮಾಡಿಕೊಂಡಿರಿ.