ಹತ್ತೋದು ಕಾಲಿಗೆ, ಇಳಿಯೋದು ಬಸ್ಸಿಗೆ: ಚಿಂಕ್ವೆ ತೆರ್ರೆಯಲ್ಲಿ ನನ್ನ ಮಂಡಿಯ ಅನುಭವ

ಕುಮಾರಪರ್ವತ ಇಳಿದು ಬಂದ ರಾತ್ರಿ ಮಂಡಿ ಹಿಡಿದುಕೊಂಡು ಕೂತವರಿಗಾಗಿ ಇದನ್ನು ಬರೆಯುತ್ತಿದ್ದೇನೆ. ಉಳಿದವರು ಓದಿದರೂ ನಷ್ಟವಿಲ್ಲ.

2024ರ ಸೆಪ್ಟೆಂಬರ್ ಕೊನೆಯಲ್ಲಿ ನಾನು ಇಟಲಿಯ ಲಿಗೂರಿಯಾ ಕರಾವಳಿಯಲ್ಲಿ ಚಿಂಕ್ವೆ ತೆರ್ರೆ ಎಂದು ಕರೆಯುವ ಐದೂರುಗಳನ್ನು, ಅಂದರೆ ಮೊಂತೆರೊಸ್ಸೊ, ವೆರ್ನಾತ್ಸ, ಕೊರ್ನಿಲ್ಯ, ಮನರೋಲ, ರಿಯೊಮಜ್ಜೋರೆಗಳನ್ನು ಕಾಲುದಾರಿಯಲ್ಲೇ ಮುಗಿಸಿದೆ. ಆಗ ವಯಸ್ಸು 61, ಬಲಮಂಡಿ ಸವೆದಿತ್ತು, ಜೊತೆಗೆ ಹೆಂಡತಿ. ನೋವಿನ ಮಾತ್ರೆ ಒಂದೂ ನುಂಗಲಿಲ್ಲ. ನಮ್ಮ ಚಾರಣದ ಗುಂಪಿನಲ್ಲಿ ಇದಾಗುತ್ತದೆ ಎಂದವರು ಯಾರೂ ಇರಲಿಲ್ಲ. 'ಬೆಟ್ಟ ಹತ್ತಿ ಬಸ್ಸಲ್ಲಿ ಇಳಿಯೋ ಚಾರಣಿಗ' ಎಂದು ನನಗೆ ಹೆಸರಿಟ್ಟಿದ್ದರು. ಈಗ ಅವರಲ್ಲಿ ಇಬ್ಬರು ನನ್ನ ನೋಟ್‌ಬುಕ್ಕಿನ ಫೋಟೊ ಕೇಳುತ್ತಿದ್ದಾರೆ.

ಇದು ಮೂರನೇ ಸಲದ ಫಲ. ಮೊದಲ ಎರಡು ಸಲ ಹಣವೂ ಹೋಯಿತು, ಮಾನವೂ ಹೋಯಿತು.

2018ರದ್ದನ್ನು ಬೇಗ ಹೇಳಿ ಮುಗಿಸುತ್ತೇನೆ. ಜುಲೈ ತಿಂಗಳು, ಫ್ಲಾರೆನ್ಸಿನಿಂದ ಒಂದೇ ದಿನದಲ್ಲಿ ಹೋಗಿಬರುವ ಹುಂಬತನ. ಅವಸರದಲ್ಲಿ ಕಾಗದದ ಟಿಕೆಟ್ಟಿಗೆ ಮುದ್ರೆ ಹಾಕಿಸಿಕೊಳ್ಳದೆ ರೈಲು ಹತ್ತಿ 50 ಯೂರೋ ದಂಡ ಕಟ್ಟಿದೆ. ಆಗಿನ ಲೆಕ್ಕದಲ್ಲಿ ನಾಲ್ಕು ಸಾವಿರ ರೂಪಾಯಿ, ತಪ್ಪು ನನ್ನದೇ. ಮಧ್ಯಾಹ್ನ ವೆರ್ನಾತ್ಸದ ಪುಟ್ಟ ಬಂದರಿನಲ್ಲಿ ಕಾಲಿಡಲು ಜಾಗವಿರಲಿಲ್ಲ. ಜಾತ್ರೆಯಲ್ಲಿ ತೇರಿನ ಹಿಂದೆ ಸಿಕ್ಕಿಕೊಂಡವರ ಹಾಗೆ ಜನರೇ ನಮ್ಮನ್ನು ತಳ್ಳಿಕೊಂಡು ಹೋದರು. ಕಾಲುದಾರಿಯ ಮುಖವನ್ನೇ ನೋಡಲಿಲ್ಲ.

2022ರ ಅಕ್ಟೋಬರಿನದ್ದು ನಿಜವಾದ ಸೋಲು. ಆ ಹೊತ್ತಿಗೆ ಮಂಡಿ ಕೈಕೊಟ್ಟಿತ್ತು. ಫಿಸಿಯೊ ಅವರ ಸಲಹೆ 'ನಡೀರಿ, ಆದ್ರೆ ಜಾಸ್ತಿ ಬೇಡ' ಎಂದು ಅಡ್ಡಗೋಡೆಯ ಮೇಲೆ ದೀಪ ಇಟ್ಟ ಹಾಗಿತ್ತು. ವೆರ್ನಾತ್ಸದಲ್ಲೇ ಕೋಣೆ ಹಿಡಿದೆವು, ರಾತ್ರಿಗೆ 165 ಯೂರೋ. ಮೂರನೇ ಮಹಡಿ, ಲಿಫ್ಟಿಲ್ಲ, ಬೀದಿಯಿಂದ ಮನೆಬಾಗಿಲಿಗೇ ನಲವತ್ತು ಮೆಟ್ಟಿಲು. ಎರಡನೇ ದಿನ ಮಳೆಯ ಎಚ್ಚರಿಕೆ ಬಂದು ದಾರಿ ಮುಚ್ಚಿದರು. ನಾನು ಗೊಣಗಿದೆ. ಆಮೇಲೆ ತಿಳಿಯಿತು, 2011ರ ಅಕ್ಟೋಬರ್ 25ರಂದು ಇದೇ ಬೀದಿಯಲ್ಲಿ ಮಣ್ಣು ಹೊಳೆಯಾಗಿ ಹರಿದು ಅಂಗಡಿಗಳನ್ನು ಹೂತುಹಾಕಿತ್ತಂತೆ. ಗುಡ್ಡದ ಮೇಲಿನ ತೋಟ ಬಿಟ್ಟು ಜನ ಊರು ಸೇರಿದ್ದಾರೆ, ನೋಡುವವರಿಲ್ಲದ ಕಲ್ಲುಕಟ್ಟೆ ಮಳೆಗೆ ಜಾರುತ್ತದೆ. ಅಗಳ ತೆಗೆಯದ ಅಡಿಕೆ ತೋಟ ಕಂಡವರಿಗೆ ಇದನ್ನು ವಿವರಿಸಬೇಕಿಲ್ಲ. ಗೊಣಗುವುದನ್ನು ನಿಲ್ಲಿಸಿದೆ.

ಮಳೆ ಬಿಟ್ಟ ಮೇಲೆ ಎಲ್ಲರೂ ಕೊಡುವ ಸಲಹೆಯಂತೆ ಹೊರಟೆವು. ಮನರೋಲದಿಂದ ಕೊರ್ನಿಲ್ಯಕ್ಕೆ ಕಡಲಂಚಿನ ದಾರಿ ಕುಸಿತದಿಂದ ವರ್ಷಗಟ್ಟಲೆ ಮುಚ್ಚಿದೆ. ಬದಲಿ ದಾರಿ ಮೇಲಿನ ವೊಲಾಸ್ತ್ರ ಎಂಬ ಹಳ್ಳಿಯ ಮೂಲಕ. 'ಬಸ್ಸಲ್ಲಿ ವೊಲಾಸ್ತ್ರಕ್ಕೆ ಹತ್ತಿ, ಕೊರ್ನಿಲ್ಯಕ್ಕೆ ಇಳೀರಿ, ಸುಲಭ' ಎಂದು ಎಲ್ಲ ಕಡೆ ಬರೆದಿರುತ್ತಾರೆ. ದ್ರಾಕ್ಷಿ ತೋಟದ ಅಂಚಿನ ಸಮದಾರಿ ಸ್ವರ್ಗ, ಒಪ್ಪುತ್ತೇನೆ. ಎಡಕ್ಕೆ ಮುನ್ನೂರು ಮೀಟರ್ ಕೆಳಗೆ ಕಡಲು, ಬಲಕ್ಕೆ ಎದೆಮಟ್ಟದ ಕಲ್ಲಿನ ಗೋಡೆ, ಗಾರೆ ಇಲ್ಲದೆ ಕಲ್ಲಿಗೆ ಕಲ್ಲು ಕೂರಿಸಿ ಕಟ್ಟಿದ್ದು. ಆಮೇಲೆ ಇಳಿತ ಶುರು. ಒಂದು ಮೆಟ್ಟಿಲು ಗೇಣುದ್ದ, ಇನ್ನೊಂದು ಮೊಣಕಾಲೆತ್ತರ. ಹಿಂದಿನ ದಿನದ ಮಳೆಗೆ ಎಲೆ ಅಂಟಿ ಜಾರುತ್ತಿತ್ತು. ಅರ್ಧ ಗಂಟೆಗೆ ಮಂಡಿ ಬಿಗಿಯಿತು, ಮುಕ್ಕಾಲು ಗಂಟೆಗೆ ಮಗ್ಗುಲಾಗಿ ಏಡಿಯ ಹಾಗೆ ಇಳಿಯುತ್ತಿದ್ದೆ. ಕೊರ್ನಿಲ್ಯ ಸೇರಿದಾಗ ಸ್ಟೇಷನ್ನಿಗಿಳಿಯುವ ಬಸ್ಸು ಆಗಷ್ಟೇ ಹೋಗಿತ್ತು. ಐದರಲ್ಲಿ ಈ ಊರೊಂದೇ ಕಡಲಿಗೆ ತಾಗಿಲ್ಲ, ನೂರು ಮೀಟರ್ ಮೇಲೆ ಬಂಡೆಯ ತಲೆಯಲ್ಲಿ ಕೂತಿದೆ. ಕಾಯಲಾರದೆ ಲಾರ್ದರೀನದಲ್ಲಿ ಇಳಿದೆ. ಇಟ್ಟಿಗೆಯ ಮೆಟ್ಟಿಲು, 33 ತಿರುವು, 382 ಮೆಟ್ಟಿಲು. ಪ್ರತಿಯೊಂದನ್ನೂ ಎಣಿಸಿದ್ದೇನೆ. ಎಣಿಸದೆ ಬೇರೆ ದಾರಿಯಿರಲಿಲ್ಲ.

ಕೆಳಗೆ ಬಂದು ಪ್ಲಾಟ್‌ಫಾರ್ಮಿನಲ್ಲಿ ಕೂತಾಗ ಹೆಂಡತಿ ಕೇಳಿದಳು: 'ಪಾಸ್‌ಪೋರ್ಟ್ ಚೀಲ ಎಲ್ಲಿ?'

ಮೇಲೆ, ಕುಡಿಯುವ ನೀರಿನ ನಲ್ಲಿಯ ಪಕ್ಕದ ಕಟ್ಟೆಯ ಮೇಲೆ!

ಬಸ್ಸಿಗೆ ಇನ್ನೂ ಅರ್ಧ ಗಂಟೆ. ಅಳುವುದೊಂದು ಬಾಕಿ. ಅದೇ ಮೆಟ್ಟಿಲು ಹತ್ತಿದೆ. ಇಪ್ಪತ್ತು, ಐವತ್ತು, ನೂರು. ಉಸಿರು ಗಂಟಲಿಗೆ ಬಂತು, ಬೆವರು ಕಣ್ಣಿಗೆ ಇಳಿಯಿತು, ಮಂಡಿ ಮಾತ್ರ ಚಕಾರ ಎತ್ತಲಿಲ್ಲ. ಚೀಲ ಇಟ್ಟಲ್ಲೇ ಇತ್ತು. ಅದನ್ನು ಎದೆಗವಚಿಕೊಂಡು ಬಸ್ಸಿನಲ್ಲಿ ಇಳಿದು ಬರುವಾಗ ಹೊಳೆಯಿತು: ಹತ್ತುವಾಗ ಹೋಗುವುದು ಉಸಿರು, ಇಳಿಯುವಾಗ ಹೋಗುವುದು ಮಂಡಿ. ಉಸಿರಾದರೆ ಐದು ನಿಮಿಷಕ್ಕೆ ವಾಪಸ್ ಬರುತ್ತದೆ. ಇದು ನನ್ನ ಮಂಡಿಯ ಕಥೆ. ನಿಮ್ಮದರ ಕಥೆ ನಿಮ್ಮ ಡಾಕ್ಟರಿಗೆ ಗೊತ್ತಿರುತ್ತದೆ, ಕೇಳಿಕೊಳ್ಳಿ.

ಮನೆಗೆ ಬಂದವನೇ ನಕ್ಷೆ ಹಾಸಿಕೊಂಡೆ. ಎತ್ತರದ ಗೆರೆಗಳನ್ನು ನೋಡಿ ಪ್ರತಿ ದಾರಿಯ ಎರಡು ತುದಿಯಲ್ಲಿ ಯಾವುದು ಕಡಿದು ಎಂದು ಗುರುತು ಹಾಕಿದೆ. ಕಡಿದಾದ ಕಡೆಯಿಂದ ಹತ್ತುವುದು, ಹಿತವಾದ ಕಡೆಗೆ ಇಳಿಯುವುದು. ಹಿತವಾದ ಕಡೆಯೇ ಇಲ್ಲದಿದ್ದರೆ ಮೇಲೆಯೇ ನಡಿಗೆ ಮುಗಿಸಿ ಬಸ್ಸು ಹಿಡಿಯುವುದು. ದಿನಕ್ಕೆ ಒಂದೇ ದಾರಿ. ಗುಂಪಿನವರು ನಕ್ಕದ್ದು ಇದಕ್ಕೇ. 'ಮಂಡಿ ನೋವಿರೋನು ಹತ್ತೋದಾ?' ಎಂದರು.

ವಸತಿಯನ್ನು ಐದೂರುಗಳಿಂದ ಹೊರಗೆ, ಲೆವಾಂತೊಗೆ ಬದಲಿಸಿದೆ. ಊರು ಸಮತಟ್ಟು, ಅಲ್ಲಿಂದ ಮೊಂತೆರೊಸ್ಸೊಗೆ ರೈಲಿನಲ್ಲಿ ಐದು ನಿಮಿಷ. ಅಡುಗೆಮನೆ ಇರುವ ಮನೆ ರಾತ್ರಿಗೆ 78 ಯೂರೋಗೆ ಸಿಕ್ಕಿತು. ಹೇಗೆ ಸಿಕ್ಕಿತು ಎಂಬುದು ನನ್ನಲ್ಲೇ ಇರಲಿ, ಇನ್ನೊಂದು ಸಲ ಹೋಗುವುದಿದೆ. ಒಂದಿಷ್ಟು ಮಾತ್ರ ಹೇಳುತ್ತೇನೆ: ಹುಡುಕಿದ್ದು ಮೊಬೈಲಿನಲ್ಲಲ್ಲ.

ಮೊದಲ ದಿನವೇ ವಿಘ್ನ. ಮಡಚುವ ಊರುಗೋಲನ್ನು ಕೈಚೀಲದಲ್ಲಿ ಇಟ್ಟಿದ್ದೆ, ವಿಮಾನ ನಿಲ್ದಾಣದ ತಪಾಸಣೆಯಲ್ಲಿ ಕಸಿದುಕೊಂಡರು. ಮೂರು ಸಾವಿರದ ಮಾಲು. ಲೆವಾಂತೊದಲ್ಲಿ 35 ಯೂರೋ ಕೊಟ್ಟು ಹೊಸದು ಕೊಂಡೆ. ಕೋಲಿನ ತುದಿಗೆ ರಬ್ಬರ್ ಟೋಪಿ ಹಾಕಿದ್ದಕ್ಕೇ ಆ ನುಣುಪುಗಲ್ಲಿನ ಮೇಲೆ ಅದು ನಿಂತಿತು.

ಮೊಂತೆರೊಸ್ಸೊದಿಂದ ವೆರ್ನಾತ್ಸ: ಮೊಂತೆರೊಸ್ಸೊ ಕಡೆಯ ಮೆಟ್ಟಿಲು ಕಡಿದು, ಆದ್ದರಿಂದ ಅಲ್ಲಿಂದಲೇ ಹತ್ತಬೇಕು. ಬೆಳಿಗ್ಗೆ ಏಳೂವರೆಗೆ ನಿಂಬೆ ತೋಟಗಳ ನಡುವೆ ನಾವಿಬ್ಬರೇ. ಮೂರೂವರೆ ಕಿಲೋಮೀಟರಿಗೆ ಎರಡು ಗಂಟೆ ಸಾಕು ಎನ್ನುತ್ತಾರೆ, ನಮಗೆ ಮೂರಾಯಿತು. ವೆರ್ನಾತ್ಸಕ್ಕೆ ಇಳಿಯುವಾಗ ಮಂಡಿ ಸ್ವಲ್ಪ ಗೊಣಗಿತು, ಸುಳ್ಳು ಹೇಳುವುದಿಲ್ಲ. ಆದರೆ ಇಳಿಯುತ್ತ ಕಾಣುವ ನೋಟ ಅದನ್ನು ಮರೆಸುತ್ತದೆ: ಕೆಳಗೆ ಬಂದರಿನ ಬಾಯಲ್ಲಿ ಸಾಂತ ಮಾರ್ಗರೀತ ಇಗರ್ಜಿ, ಬಂಡೆಯ ಮೇಲೆ ದೋರಿಯಾ ಕೋಟೆಯ ಗುಂಡನೆ ಗೋಪುರ.

ಮರುದಿನ ವೆರ್ನಾತ್ಸದಿಂದ ಕೊರ್ನಿಲ್ಯ. ಲೆಕ್ಕ ನೋಡಿ: ಕಡಲಮಟ್ಟದಿಂದ ಪ್ರೇವೊ ಎಂಬ ನಾಲ್ಕು ಮನೆಯ ಕೇರಿಗೆ ಇನ್ನೂರು ಮೀಟರ್ ಹತ್ತುವುದು, ಅಲ್ಲಿಂದ ಕೊರ್ನಿಲ್ಯಕ್ಕೆ ನೂರು ಮಾತ್ರ ಇಳಿಯುವುದು. ಉಲ್ಟಾ ನಡೆದರೆ ಇನ್ನೂರು ಇಳಿತ. ಪ್ರೇವೊಗೆ ಮುಂಚೆ ಒಂದು ತಿರುವಿನಲ್ಲಿ ಕೂರಲು ಜಾಗವಿದೆ. ಅಲ್ಲಿಂದ ಕಂಡಷ್ಟು ಚಂದದ ವೆರ್ನಾತ್ಸ ಬೇರೆಲ್ಲಿಂದಲೂ ಕಾಣಲಿಲ್ಲ. ಯಾವ ತಿರುವು ಎಂದು ಹೇಳಿದರೆ ನಾಳೆ ಅಲ್ಲಿ ಸೆಲ್ಫಿಗೆ ಸಾಲು ನಿಲ್ಲುತ್ತದೆ. ಬೇಡ.

ಈ ಎರಡು ದಾರಿಗೆ ಚಾರಣದ ಕಾರ್ಡು ಬೇಕು, ತಲೆಗೆ ದಿನಕ್ಕೆ ಏಳೂವರೆ ಯೂರೋ ಕೊಟ್ಟ ನೆನಪು. ರೈಲು ಸೇರಿದ ಕಾರ್ಡು ಆಗ ಅದರ ಮೂರು ನಾಲ್ಕು ಪಟ್ಟಿತ್ತು. ದಿನಕ್ಕೆ ಒಂದೇ ದಾರಿ ನಡೆದರೆ ರೈಲು ಹತ್ತುವುದು ಎರಡೇ ಸಲ, ನಮಗೆ ಬಿಡಿ ಟಿಕೆಟ್ಟೇ ಅಗ್ಗವಾಯಿತು. 2022ರಲ್ಲಿ ಮೂರು ದಿನದ ದೊಡ್ಡ ಕಾರ್ಡು ಕೊಂಡು, ಒಂದು ದಿನ ಮಳೆ, ಇನ್ನೊಂದು ದಿನ ಮಂಡಿಗೆ ಐಸು. ಆ ಹಣ ನೆನೆದರೆ ಈಗಲೂ ಹೊಟ್ಟೆ ಉರಿಯುತ್ತದೆ.

ಮೂರನೇ ದಿನ ನಾನು ಸೋತಿದ್ದ ದಾರಿ, ಈ ಸಲ ತಲೆಕೆಳಗು. ಕೊರ್ನಿಲ್ಯ ಸ್ಟೇಷನ್ನಿನಿಂದ ಊರಿಗೆ ಬಸ್ಸು, ಊರಿಂದ ವೊಲಾಸ್ತ್ರಕ್ಕೆ ಕಾಲು. ಎದುರಿಗೆ ಇಳಿದು ಬರುವವರೆಲ್ಲ ನಮ್ಮನ್ನು ಕನಿಕರದಿಂದ ನೋಡಿದರು. ಹತ್ತು ಹೆಜ್ಜೆ, ಒಂದು ನಿಲುಗಡೆ, ಮತ್ತೆ ಹತ್ತು. ಒಂದು ಗಂಟೆ ಹತ್ತು ನಿಮಿಷಕ್ಕೆ ಏರು ಮುಗಿಯಿತು. ಆಮೇಲೆ ಆ ಸ್ವರ್ಗದ ಸಮದಾರಿ, ಈ ಸಲ ಹಲ್ಲು ಕಚ್ಚದೆ ನೋಡಿದೆ. ದ್ರಾಕ್ಷಿ ಕೊಯ್ಲಿನ ಕಾಲ. ಕಡಿದಾದ ತೋಟದಲ್ಲಿ ಒಂದೇ ಹಳಿಯ ಹಲ್ಲುಗಾಡಿ ಕೆಂಪು ಕ್ರೇಟುಗಳನ್ನು ಹೊತ್ತು ಕಟಕಟ ಎನ್ನುತ್ತ ಮೇಲೇರುತ್ತಿತ್ತು, ಹಿಂದೆ ಒಬ್ಬಾತ ಆರಾಮಾಗಿ ಕೂತು ಹೋಗುತ್ತಿದ್ದ. ಅದರಲ್ಲಿ ಒಂದು ಸೀಟು ಸಿಕ್ಕಿದ್ದರೆ ಈ ಬರಹವೇ ಬೇಕಿರಲಿಲ್ಲ. ಈ ದ್ರಾಕ್ಷಿಯನ್ನು ನೆರಳಲ್ಲಿ ಹರವಿ, ಸುಕ್ಕುಗಟ್ಟಿಸಿ, ಹಿಂಡಿ ಶಕ್ಕೆತ್ರಾ ಎಂಬ ಸಿಹಿ ವೈನ್ ಮಾಡುತ್ತಾರೆ. ರಸ ಬರುವುದೇ ಅಷ್ಟು, ಅದಕ್ಕೇ ಬೆಲೆ. ಹರಳೆಣ್ಣೆ ಕುಡಿಸುವ ಲೋಟದಷ್ಟಕ್ಕೆ 9 ಯೂರೋ ಕೊಟ್ಟೆ. ಬಾಯಲ್ಲಿ ಜೋನಿಬೆಲ್ಲಕ್ಕೆ ಒಣ ಅಂಜೂರ ಕಲಸಿದ ರುಚಿ. ಇಬ್ಬರಿಗೂ ಒಂದೇ ಲೋಟ. ವೊಲಾಸ್ತ್ರದಲ್ಲಿ ಇಗರ್ಜಿಯ ಮುಂದೆ ಅವಲಕ್ಕಿ ತಿಂದು, ಬಸ್ಸು ಹತ್ತಿ ಮನರೋಲಕ್ಕೆ ಇಳಿದೆವು. ಸಾವಿರದ ಮೇಲೆ ಮೆಟ್ಟಿಲು ಉಳಿಯಿತು. ಟಿಕೆಟ್ಟು ಎರಡೂವರೆ ಯೂರೋ ಇದ್ದಿರಬೇಕು.

ಹೊಟ್ಟೆಯ ವಿಷಯ. ಸಸ್ಯಾಹಾರಿಗಳು ಉಪವಾಸ ಬೀಳುತ್ತೀರಿ ಎಂದು ಹೆದರಿಸಿದ್ದವರಿಗೆ ಫರಿನಾತ ಗೊತ್ತಿಲ್ಲ. ಕಡಲೆಹಿಟ್ಟು, ನೀರು, ಉಪ್ಪು, ಆಲಿವ್ ಎಣ್ಣೆ. ದೊಡ್ಡ ತಾಮ್ರದ ತಟ್ಟೆಯಲ್ಲಿ ಸೌದೆ ಒಲೆಯೊಳಗೆ ಬೇಯಿಸುತ್ತಾರೆ. ಕಡಲೆಹಿಟ್ಟಿನ ದೋಸೆ ಪಟ್ಟಣ ಸೇರಿ ಸಿರಿವಂತನಾದ ಹಾಗೆ. ಚಟ್ನಿಪುಡಿ ಉದುರಿಸಿ ತಿಂದೆ. ಅಂಗಡಿಯಾತ ಹುಬ್ಬೇರಿಸಿದ, ಆಮೇಲೆ ಒಂದು ಚಿಟಿಕೆ ಕೇಳಿ ತಗೊಂಡ. ತುಳಸಿಯ ದಾಯಾದಿಯಾದ ಬೆಜಿಲ್ ಸೊಪ್ಪಿನ ಪೆಸ್ಟೊ ಎಲ್ಲ ಕಡೆ ಸಿಗುತ್ತದೆ. ಅದನ್ನು ಆಲೂಗಡ್ಡೆ, ಬೀನ್ಸ್ ಜೊತೆ ತ್ರೋಫಿಯೆ ಎಂಬ ಹುರಿಗಟ್ಟಿದ ಪಾಸ್ತಾಕ್ಕೆ ಕಲಸಿ ಕೊಡುತ್ತಾರೆ. ಚೀಸಿನ ಬಗ್ಗೆ ಕಟ್ಟುನಿಟ್ಟಿನವರು ವಿಚಾರಿಸಿ ತಿನ್ನಿ.

ನಡುವೆ ಒಂದು ದಿನ ಮಂಡಿಗೆ ರಜೆ ಕೊಟ್ಟು ಬೇರೆ ಪ್ರಯೋಗ ಮಾಡಿದೆವು. ಲೆವಾಂತೊದಿಂದ ಬೊನಸ್ಸೋಲ, ಫ್ರಮೂರದವರೆಗೆ ಹಳೆಯ ರೈಲುಮಾರ್ಗದ ಸುರಂಗಗಳನ್ನು ಸೈಕಲ್ ದಾರಿ ಮಾಡಿದ್ದಾರೆ. ಒಂದೂ ಏರಿಲ್ಲ. ತಣ್ಣನೆ ಕತ್ತಲು, ಫಕ್ಕನೆ ಕಡಲು, ಮತ್ತೆ ಕತ್ತಲು. ಕೊಂಕಣ ರೈಲಿನ ಬಾಗಿಲಲ್ಲಿ ನಿಂತು ಬಂದವರಿಗೆ ಪರಿಚಿತವೇ, ಇಲ್ಲಿ ಮಾತ್ರ ಬೇಕೆಂದಲ್ಲಿ ನಿಲ್ಲಿಸಬಹುದು. ಬ್ಯಾಟರಿ ಸೈಕಲ್ ಬಾಡಿಗೆಗೆ ತೆಗೆದುಕೊಂಡದ್ದು ದಂಡ, ಸಾದಾ ಸೈಕಲ್ ಸಾಕಿತ್ತು.

ರಿಯೊಮಜ್ಜೋರೆಯಿಂದ ಮನರೋಲಕ್ಕೆ 'ಪ್ರೇಮದ ದಾರಿ', ವಿಯಾ ದೆಲ್ಲಮೋರೆ. 2012ರ ಸೆಪ್ಟೆಂಬರಿನಲ್ಲಿ ಬಂಡೆ ಬಿದ್ದು ಪ್ರವಾಸಿಗರಿಗೆ ಗಾಯವಾದ ಮೇಲೆ ಮುಚ್ಚಿದ್ದನ್ನು 2024ರ ಬೇಸಿಗೆಯಲ್ಲಷ್ಟೇ ತೆರೆದಿದ್ದರು. ಒಂದು ಕಿಲೋಮೀಟರಿಗೆ ಸ್ವಲ್ಪ ಕಡಿಮೆ, ಚಪ್ಪಟೆ, ಸಮಯ ಗೊತ್ತುಮಾಡಿಕೊಂಡು ಹೋಗಬೇಕಿತ್ತು, ಕಾರ್ಡಿನ ಮೇಲೆ ತಲೆಗೆ ಇನ್ನೂ ಹತ್ತು ಯೂರೋ. ಇಪ್ಪತ್ತೈದು ನಿಮಿಷಕ್ಕೆ ಹತ್ತು ಯೂರೋ ನನಗೆ ದುಬಾರಿ ಎನಿಸಿತು. ಹೆಂಡತಿಗೆ ಅನಿಸಲಿಲ್ಲ. ಮೂವತ್ತು ವರ್ಷದಲ್ಲಿ ಮೊದಲ ಸಲ ಕೈ ಹಿಡಿದು ನಡೆದೆ ಎಂದು ಈಗಲೂ ಹೇಳುತ್ತಾಳೆ. ನಾನು ಹಿಡಿದದ್ದು ಜಾರಬಾರದೆಂದು.

ಕೊನೆಗೆ ಮೊಂತೆರೊಸ್ಸೊದಿಂದ ಲೆವಾಂತೊಗೆ, ಪುಂತ ಮೆಸ್ಕೊ ಎಂಬ ಭೂಶಿರ ದಾಟಿ. ಬಹಳಷ್ಟು ಜನ ಲೆವಾಂತೊದಿಂದ ಹೊರಡುತ್ತಾರೆ, ಮೊಂತೆರೊಸ್ಸೊ ಕಡೆಯ ಆ ಕಲ್ಲಿನ ಮೆಟ್ಟಿಲನ್ನು ಸುಸ್ತಾದ ಕಾಲಲ್ಲಿ ಇಳಿಯುತ್ತಾರೆ. ನಾವು ಅದನ್ನು ಬೆಳಗಿನ ತಾಜಾ ಕಾಲಲ್ಲಿ ಹತ್ತಿದೆವು. ತುದಿಯಲ್ಲಿ ಸಾಂತ್ ಅಂತೋನಿಯೊ ಸನ್ಯಾಸಿಮಠದ ಪಾಳು ಗೋಡೆ, ಅಲ್ಲಿಂದ ಐದೂರೂ ಒಂದೇ ಗೆರೆಯಲ್ಲಿ. ಆಮೇಲೆ ಪೈನ್ ಮರಗಳ ನೆರಳಲ್ಲಿ ಹಿತವಾದ ಇಳಿಜಾರು ಮನೆಬಾಗಿಲವರೆಗೆ. ಈ ದಾರಿಗೆ ಕಾರ್ಡೂ ಬೇಡ, ರೈಲೂ ಒಂದೇ ಕಡೆಗೆ ಸಾಕು.

ಒಟ್ಟು ಖರ್ಚು ಇಬ್ಬರಿಗೆ ಒಂಬತ್ತು ರಾತ್ರಿಗೆ ಮೂರು ಲಕ್ಷದ ಆಚೀಚೆ. ಅದರಲ್ಲಿ ಮಿಲಾನಿಗೆ ಹೋಗಿಬರುವ ವಿಮಾನವೇ ಒಂದೂ ಕಾಲು ಲಕ್ಷ, ವೀಸಾ ಮತ್ತು ವಿಮೆ ಇಪ್ಪತ್ತು ಸಾವಿರದ ಮೇಲೆ. 2022ರಲ್ಲಿ ಐದು ರಾತ್ರಿಗೇ ಇದಕ್ಕಿಂತ ಸ್ವಲ್ಪವೇ ಕಡಿಮೆ ಆಗಿತ್ತು.

ಇನ್ನೊಂದು ದಾರಿ ಬಾಕಿ ಉಳಿದಿದೆ: ಪೋರ್ತೊವೆನೆರೆ ಎಂಬ ಕಡಲೂರಿನಿಂದ ರಿಯೊಮಜ್ಜೋರೆ. ಅರ್ಧ ಮಾಡಿದೆವು. ಕೋಟೆಯ ಪಕ್ಕದ ಮೆಟ್ಟಿಲಿನಿಂದ ನಾಲ್ಕುನೂರು ಮೀಟರ್ ಹತ್ತಿ ಕಂಪಿಲ್ಯ ಎಂಬ ಹಳ್ಳಿ ಸೇರಿ, ಅಲ್ಲಿಂದ ಲಾ ಸ್ಪೆಜಿಯಾ ಪಟ್ಟಣಕ್ಕೆ ಬಸ್ಸು ಹಿಡಿದೆವು. ಮುಂದಿನ ಅರ್ಧದಲ್ಲಿ ಮೊದಲು ಸ್ವಲ್ಪ ಏರು, ಆಮೇಲೆ ರಿಯೊಮಜ್ಜೋರೆಗೆ ದೊಡ್ಡ ಇಳಿತ. ತಿರುಗಿಸಿ ನಡೆದರೆ ಹೆಚ್ಚಿನದೆಲ್ಲ ಏರು, ಕಂಪಿಲ್ಯದಲ್ಲಿ ಬಸ್ಸಿದ್ದೇ ಇದೆ. ಬಸ್ಸಿನ ವೇಳಾಪಟ್ಟಿಯ ಫೋಟೊ ತೆಗೆದಿಟ್ಟುಕೊಂಡಿದ್ದೇನೆ.